ಮೂವತ್ತು ದಿನದಲ್ಲಿ ಮುಗಿಯುವ ಸರ್ಟಿಫಿಕೇಟ್

ಕಳೆದ ವಾರ ಒಂದು ಮೇಲ್ ಬಂತು. ‘ನಿಮ್ಮ ಸರ್ಟಿಫಿಕೇಟ್‌ನ ಅವಧಿ ಇನ್ನು 30 ದಿನದಲ್ಲಿ ಮುಗಿಯುತ್ತದೆ.’ ಅಮೆಜಾನ್ ತನ್ನ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್, ಅಂದರೆ ಎಡಬ್ಲ್ಯುಎಸ್ ಕೆಲಸ ಗೊತ್ತು ಅನ್ನುವ ಸರ್ಟಿಫಿಕೇಟ್ ಅದು. ಮೂರು ವರ್ಷ ಮಾತ್ರ ಚಾಲ್ತಿ. ಆಮೇಲೆ ಮತ್ತೆ ಪರೀಕ್ಷೆ ಬರೆಯಬೇಕು. ಈಗಾಗಲೇ ಎರಡು ಸಲ ಬರೆದಿದ್ದೇನೆ. ಈ ಸಲ ಮೇಲ್ ನೋಡಿ ಅಳಿಸಲೂ ಇಲ್ಲ, ಒಳಗಿನ ಲಿಂಕ್ ಒತ್ತಲೂ ಇಲ್ಲ. ಸುಮ್ನೆ ಹಾಗೇ ಬಿಟ್ಟೆ.

ಪರೀಕ್ಷೆಯ ಭಯ ಏನಿಲ್ಲ. ಇದರಿಂದ ಯಾರಿಗೆ ಏನು ಸಿಗುತ್ತದೆ ಅನ್ನುವ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಮೊದಲ ಸಲ ಬರೆದಾಗ ಆ ಪ್ರಶ್ನೆ ಹುಟ್ಟಲೇ ಇಲ್ಲ.

ಆಗ ನಾನು ಸಪೋರ್ಟ್ ಡೆಸ್ಕ್‌ನಲ್ಲಿದ್ದೆ. ಪಾಸ್‌ವರ್ಡ್ ರೀಸೆಟ್ ಮಾಡಿಕೊಡುವುದು, ಟಿಕೆಟ್, ಅಂದರೆ ಬಂದ ದೂರು ಮುಚ್ಚುವುದು, ಮತ್ತೆ ಪಾಸ್‌ವರ್ಡ್ ರೀಸೆಟ್ ಮಾಡಿಕೊಡುವುದು. ಓದಿದ್ದು ಕಂಪ್ಯೂಟರ್ ಸೈನ್ಸ್ ಅಲ್ಲ. ಸರ್ವರ್ ನೋಡಿಕೊಳ್ಳುವ ಟೀಮಿಗೆ ಹೋಗುವ ಆಸೆ ಇತ್ತು. ಆದರೆ ನನ್ನ ಪರವಾಗಿ ಒಂದು ಮಾತು ಹೇಳುವವರು ಯಾರೂ ಇರಲಿಲ್ಲ. ಅರ್ಜಿ ಹಾಕಿದ ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ. ರೆಸ್ಯುಮೆಯಲ್ಲಿ ಸರ್ಟಿಫಿಕೇಟ್‌ನ ಆ ಒಂದು ಸಾಲು ಸೇರಿದ ಮೇಲೆ ಫೋನ್ ಬರತೊಡಗಿದವು. ಒಂದು ತಿಂಗಳಲ್ಲಿ ನಾನೇನು ಬೇರೆ ಮನುಷ್ಯನಾಗಿರಲಿಲ್ಲ. ರೆಸ್ಯುಮೆ ಜರಡಿ ಹಿಡಿಯುವ ಸಾಫ್ಟ್‌ವೇರ್‌ಗೆ ಬೇಕಾದ ಪದವೊಂದು ಸೇರಿತ್ತು, ಅಷ್ಟೇ.

ಎರಡನೇ ಸಲ ಬರೆದಾಗ ಕೆಲಸದಲ್ಲಿ ಎಲ್ಲರಿಗೂ ನನ್ನ ಪರಿಚಯವಿತ್ತು. ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಪೊಳ್ಳು ಎಲ್ಲ ಗೊತ್ತಿತ್ತು. ಪಾಸಾದ ಸುದ್ದಿಗೆ ಎಚ್‌ಆರ್‌ನಿಂದ ಒಂದು ಅಭಿನಂದನೆ ಮೇಲ್ ಬಂತು. ಅದರಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿತ್ತು.

ಆ ಮೊದಲ ಪರೀಕ್ಷೆಯ ಹಾಲ್ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವಾಚ್, ಪರ್ಸ್, ಫೋನ್ ಎಲ್ಲ ಲಾಕರ್‌ಗೆ. ಜೇಬನ್ನು ಒಳಗಿಂದ ಹೊರಗೆ ಎಳೆದು ತೋರಿಸಬೇಕು. ಅಂಗಿಯ ತೋಳು ಮಡಚಿ ತೋರಿಸಬೇಕು. ಕನ್ನಡಕ ತೆಗೆದುಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ಬರೆದು ಅಳಿಸುವ ಒಂದು ಪ್ಲಾಸ್ಟಿಕ್ ಹಾಳೆ, ಒಂದು ಮಾರ್ಕರ್. ನನ್ನ ಮಾರ್ಕರ್ ಅರ್ಧ ಒಣಗಿತ್ತು. ಕೈ ಎತ್ತಿ ಬೇರೆ ಕೇಳಲು ಸಂಕೋಚ. 65 ಪ್ರಶ್ನೆ, 130 ನಿಮಿಷ.

ಆ 65ರಲ್ಲಿ 15 ಪ್ರಶ್ನೆಗೆ ಅಂಕವೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮುಂದೆ ಬಳಸಬಹುದಾ ಅಂತ ನಮ್ಮ ಮೇಲೆ ಪ್ರಯೋಗ ಮಾಡಿ ನೋಡುವ ಪ್ರಶ್ನೆಗಳು ಅವು. ಯಾವ 15 ಅಂತ ಹೇಳುವುದಿಲ್ಲ. ಪಾಸಾಗಲು ಸಾವಿರಕ್ಕೆ 720 ಬೇಕು. ಇದನ್ನು ಶೇಕಡಾ 72 ಅಂತ ಓದಿಕೊಳ್ಳುವವರೇ ಜಾಸ್ತಿ. ಹಾಗಲ್ಲ. ಒಬ್ಬರಿಗೆ ಸುಲಭದ ಪ್ರಶ್ನೆಗಳು, ಇನ್ನೊಬ್ಬರಿಗೆ ಕಷ್ಟದವು ಬಂದಿರಬಹುದಲ್ಲ, ಅದನ್ನು ಸರಿದೂಗಿಸಿ ಕೊಟ್ಟ ಅಂಕ ಅದು.

ಪಾಸಿನ ಗೆರೆ ಎಳೆಯುವ ರೀತಿ ಇದಕ್ಕಿಂತ ಸ್ವಾರಸ್ಯ. ವೃತ್ತಿಪರ ಪರೀಕ್ಷೆಗಳಲ್ಲಿ ತುಂಬಾ ಬಳಕೆಯಲ್ಲಿರುವುದು ಆಂಗಾಫ್ ವಿಧಾನ. ಆ ಕೆಲಸ ಬಲ್ಲವರನ್ನು ಕೂರಿಸಿ ಒಂದೊಂದು ಪ್ರಶ್ನೆಗೂ ಹೀಗೆ ಕೇಳುತ್ತಾರೆ: ‘ಈ ಕೆಲಸಕ್ಕೆ ಹಾಗೂ ಹೀಗೂ ಸಾಕು ಅನ್ನುವಷ್ಟು ಗೊತ್ತಿರುವ ನೂರು ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ ಎಷ್ಟು ಜನ ಇದಕ್ಕೆ ಸರಿಯುತ್ತರ ಕೊಟ್ಟಾರು?’ ಎಲ್ಲರ ಅಂದಾಜು ಕೂಡಿಸಿ, ಸರಾಸರಿ ತೆಗೆದು, ಅಲ್ಲಿ ಗೆರೆ ಎಳೆಯುತ್ತಾರೆ. ‘ಹಾಗೂ ಹೀಗೂ ಸಾಕು’ ಅನ್ನುವ ಮಾತನ್ನು ಗಮನಿಸಿ. ಇವರಿಗೆ ಕಡೇ ಪಕ್ಷ ಇಷ್ಟು ಗೊತ್ತಿದೆ ಅಂತ ಮಾತ್ರ ಪರೀಕ್ಷೆ ಹೇಳುತ್ತಿದೆ. ಇವರು ನಿಪುಣರು ಅಂತ ಎಲ್ಲೂ ಹೇಳಿಲ್ಲ. ಅದನ್ನು ಸೇರಿಸಿದವರು ನಾವು. ರೆಸ್ಯುಮೆ ಬರೆಯುವವರೂ ಸೇರಿಸಿದೆವು, ಓದುವವರೂ ಸೇರಿಸಿದೆವು. ಆಮೇಲೆ ಸರ್ಟಿಫಿಕೇಟ್ ಇದ್ದವರಿಗೆ ಕೆಲಸ ಮಾಡಲು ಬರುವುದಿಲ್ಲ ಅಂತ ಬೈದವರೂ ನಾವೇ.

ಈ ಬೈಗುಳ ಹಳೆಯದು. 1990ರ ದಶಕದಲ್ಲಿ ನೊವೆಲ್‌ನ ಸಿಎನ್‌ಇ, ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಅನ್ನುವ ಸರ್ವರ್, ನೆಟ್‌ವರ್ಕ್ ಸರ್ಟಿಫಿಕೇಟ್‌ಗಳಿಗೆ ಜನ ಮುಗಿಬಿದ್ದರು. ಪುಸ್ತಕ ಉರು ಹೊಡೆದು ಪಾಸಾಗಿ, ಸರ್ವರ್ ಮುಂದೆ ಕೂರಿಸಿದರೆ ಕೈಕಾಲು ಬಿಡುವವರಿಗೆ ‘ಪೇಪರ್ ಎಂಸಿಎಸ್‌ಇ’ ಅನ್ನುವ ಹೆಸರು ಬಿತ್ತು.

ಹಾಗೆ ಮೂಗು ಮುರಿಯುವವರ ಸಾಲಿನಲ್ಲಿ ನಾನೂ ಸ್ವಲ್ಪ ಕಾಲ ಇದ್ದೆ. ಕೆಲಸ ಸಿಕ್ಕಿದ ಮೇಲೆ ಹತ್ತಿದ ಏಣಿ ಒದೆಯುವುದು ಸುಲಭ ಅಲ್ವಾ. ಆ ಸೊಕ್ಕು ಇಳಿದದ್ದು ಒಂದು ರಾತ್ರಿ.

ಎರಡು ಗಂಟೆ ಹೊತ್ತು. ಒಂದು ಅಪ್ಲಿಕೇಶನ್‌ಗೆ ಯಾರಿಗೂ ಲಾಗಿನ್ ಆಗುತ್ತಿಲ್ಲ. ಸರ್ವರ್‌ನ ದಾಖಲೆ, ಅಂದರೆ ಲಾಗ್ ತೆಗೆದರೆ ‘ಡಿಸ್ಕ್‌ನಲ್ಲಿ ಜಾಗ ಇಲ್ಲ’ ಅನ್ನುತ್ತಿದೆ. ಡಿಸ್ಕ್ ನೋಡಿದರೆ ಶೇಕಡಾ 40 ಖಾಲಿ. ಕಾಲ್‌ನಲ್ಲಿ ನಾವು ಐದು ಜನ. ಒಬ್ಬರು ಪರ್ಮಿಷನ್ ತೊಂದರೆ ಅಂದರು. ಇನ್ನೊಬ್ಬರು ರೀಸ್ಟಾರ್ಟ್ ಮಾಡಿ ನೋಡೋಣ ಅಂದರು. ರೀಸ್ಟಾರ್ಟೂ ಆಯಿತು, ಇದ್ದದ್ದು ಹಾಗೇ ಇತ್ತು. ಟೀಮಿಗೆ ಸೇರಿ ಎರಡು ತಿಂಗಳಾಗಿದ್ದ ಒಬ್ಬ ಹುಡುಗ ಅಷ್ಟು ಹೊತ್ತೂ ಮ್ಯೂಟ್ ಮಾಡಿಕೊಂಡು ಕೂತಿದ್ದ. ನಮ್ಮ ಸರ್ವರ್‌ಗಳಲ್ಲಿ ಓಡುವ ಲಿನಕ್ಸ್ ಮೇಲಿನ ಪರೀಕ್ಷೆಯನ್ನು ಆಗಷ್ಟೇ ಪಾಸು ಮಾಡಿದ್ದ. ಮೆಲ್ಲಗೆ ಕೇಳಿದ: ‘ಸರ್, ಐನೋಡ್ ನೋಡಿದ್ರಾ?’

ಐನೋಡ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಡಿಸ್ಕನ್ನು ಒಂದು ಲೈಬ್ರರಿ ಅಂದುಕೊಳ್ಳಿ. ಪುಸ್ತಕ ಇಡಲು ಕಪಾಟು ಬೇಕು. ಜೊತೆಗೆ ಪ್ರತಿ ಪುಸ್ತಕಕ್ಕೂ ರಿಜಿಸ್ಟರ್‌ನಲ್ಲಿ ಒಂದು ಸಾಲು ಬೇಕು. ಆ ಸಾಲೇ ಐನೋಡ್. ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ; ಇಎಕ್ಸ್‌ಟಿ4 ಥರದ ಫೈಲ್ ಸಿಸ್ಟಮ್‌ನಲ್ಲಿ ಒಟ್ಟು ಎಷ್ಟು ಸಾಲು ಅನ್ನುವುದು ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಸಾಮಾನ್ಯವಾಗಿ 16 ಕೆಬಿ ಜಾಗಕ್ಕೆ ಒಂದು ಸಾಲು. ಚಿಕ್ಕ ಚಿಕ್ಕ ಫೈಲ್‌ಗಳೇ ತುಂಬಿಕೊಂಡರೆ ಕಪಾಟು ಖಾಲಿ ಇದ್ದಂತೆಯೇ ರಿಜಿಸ್ಟರ್ ಮುಗಿದುಹೋಗುತ್ತದೆ. ಎಷ್ಟು ಸಾಲು ಬಳಕೆಯಾಗಿದೆ ಅಂತ ನೋಡಲು ‘ಡಿಎಫ್ ಹೈಫನ್ ಐ’ ಅಂತ ಹೊಡೆದೆವು. ಶೇಕಡಾ 100 ಅಂತ ತೋರಿಸಿತು. ತುಂಬಿದ್ದು ಲಾಗಿನ್ ಸೆಶನ್ ಫೈಲ್‌ಗಳು, ಅಂದರೆ ಯಾರಾದರೂ ಲಾಗಿನ್ ಆದಾಗ ಹುಟ್ಟುವ ಪುಟ್ಟ ಫೈಲ್‌ಗಳು. ಒಂದೊಂದೂ ಒಂದು ಕೆಬಿ ಕೂಡ ಇಲ್ಲ. ಯಾರೂ ಗುಡಿಸದೆ ಲಕ್ಷಗಟ್ಟಲೆ ಬೆಳೆದು ನಿಂತಿದ್ದವು.

ಐನೋಡ್ ಬಗ್ಗೆ ನಾನೂ ಹಿಂದೆ ಓದಿದ್ದೆ. ಕೆಲಸದಲ್ಲಿ ಒಮ್ಮೆಯೂ ಎದುರಾಗದೆ ಮರೆತುಹೋಗಿತ್ತು. ದಿನಾ ಕೆಲಸ ಮಾಡುವಾಗ ನಾವು ಸವೆಸಿದ ದಾರಿಯಲ್ಲೇ ಓಡಾಡುತ್ತೇವೆ. ಪರೀಕ್ಷೆಯ ಸಿಲಬಸ್ ನಾವಾಗಿ ಯಾವತ್ತೂ ಕಾಲಿಡದ ಓಣಿಗೂ ಕರೆದುಕೊಂಡು ಹೋಗುತ್ತದೆ. ಅಲ್ಲಿ ಏನಿದೆ ಅಂತ ಒಂದು ಸಲ ನೋಡಿದ್ದರೆ ಸಾಕು, ಯಾವಾಗಲೋ ಒಂದು ದಿನ ನೆನಪಾಗುತ್ತದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಹುಡುಗನಿಗೆ ಹುರುಪು ಬಂದಿತ್ತು. ‘ಆ ಫೋಲ್ಡರ್ ಪೂರ್ತಿ ಅಳಿಸಿಬಿಡ್ಲಾ ಸರ್?’ ಅಂದ. ನಮ್ಮಲ್ಲಿ ಹಿರಿಯರೊಬ್ಬರು ಇದ್ದರು. ಒಂದು ಸರ್ಟಿಫಿಕೇಟೂ ಇಲ್ಲದವರು. ‘ತಡಿಯಪ್ಪಾ,’ ಅಂದರು. ‘ಈಗ ಒಳಗೆ ಕೆಲಸ ಮಾಡ್ತಾ ಇರೋರ ಸೆಶನ್ನೂ ಅಲ್ಲೇ ಇದೆ. ಎಲ್ಲರನ್ನೂ ಹೊರಗೆ ಹಾಕ್ತೀಯಾ? ಎರಡು ದಿನಕ್ಕಿಂತ ಹಳೇದು ಮಾತ್ರ ತೆಗಿ. ಮೊದಲು ಪಟ್ಟಿ ತೋರಿಸು, ಆಮೇಲೆ ಅಳಿಸು.’ ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆ ರಾತ್ರಿ ಒಕ್ಕಾಲಿಗಾಗಿ ಮುಕ್ಕಾಲು ಒಂದೂವರೆ ಗಂಟೆ ಕಾಯುತ್ತಾ ಕೂತಿತ್ತು.

ಇದರ ಉಲ್ಟಾ ಅನುಭವವೂ ಆಗಿದೆ. ಇಂಟರ್‌ವ್ಯೂ ಮಾಡುವ ಕಡೆ ಕೂರತೊಡಗಿದ ಮೇಲೆ ಎಂಟು ಬ್ಯಾಡ್ಜ್, ಅಂದರೆ ಎಂಟು ಸರ್ಟಿಫಿಕೇಟ್ ಇದ್ದ ಒಬ್ಬರು ಬಂದಿದ್ದರು. ಎರಡು ಪ್ರೋಗ್ರಾಮ್‌ಗಳ ಚಿತ್ರ ಬರೆದು, ಇವುಗಳ ಮಧ್ಯೆ ಒಂದು ಕ್ಯೂ, ಅಂದರೆ ಸಂದೇಶಗಳು ಸಾಲಾಗಿ ಕಾಯುವ ಜಾಗ, ಯಾಕೆ ಇಡುತ್ತೀರಿ ಅಂತ ಕೇಳಿದೆ. ‘ಡೀಕಪಲ್ ಮಾಡೋಕೆ,’ ಅಂದರು. ಅಂದರೆ ಎರಡನ್ನೂ ಒಂದಕ್ಕೊಂದು ಅಂಟಿಕೊಳ್ಳದಂತೆ ಬಿಡಿಸಿಡುವುದು. ಪರೀಕ್ಷೆಯ ಆಯ್ಕೆಗಳಲ್ಲಿ ಇರುವ ಪದವೇ ಅದು. ‘ಸರಿ, ಡೀಕಪಲ್ ಮಾಡದೆ ಇದ್ರೆ ಏನಾಗುತ್ತೆ?’ ಅಂದೆ. ಮೌನ. ‘ಈ ಕಡೆಯದು ಹತ್ತು ನಿಮಿಷ ನಿಂತುಹೋದ್ರೆ ಆ ಕಡೆಯದಕ್ಕೆ ಏನಾಗುತ್ತೆ?’ ಮತ್ತೆ ಮೌನ. ‘ಕಪಲ್ ಆಗುತ್ತೆ,’ ಅಂದರು. ನಗು ಬರಲಿಲ್ಲ, ಬೇಜಾರಾಯಿತು. ಅವರಿಗೆ ಉತ್ತರ ಗೊತ್ತಿತ್ತು. ಆ ಪ್ರಶ್ನೆ ಯಾಕೆ ಹುಟ್ಟಿತು ಅನ್ನುವುದು ಗೊತ್ತಿರಲಿಲ್ಲ.

ಇದರ ಹಿಂದೆ ಇರುವುದು ಡಂಪ್ಸ್. ಪರೀಕ್ಷೆ ಬರೆದು ಬಂದವರು ನೆನಪಿಟ್ಟುಕೊಂಡ, ಇಲ್ಲವೇ ಕದ್ದ ಪ್ರಶ್ನೆಗಳು, ಉತ್ತರದ ಸಮೇತ. ಒಂದು ವಾರ ಬಾಯಿಪಾಠ ಮಾಡಿದರೆ ಪಾಸು. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ. ಆದರೂ ಮಾರಾಟ ನಡೆಯುತ್ತಲೇ ಇದೆ.

ಡಂಪ್ಸ್ ಮಾಡುವ ಕೇಡು ಏನು ಅಂತ ನನಗೆ ಅರ್ಥವಾದದ್ದು ಅರ್ಥಶಾಸ್ತ್ರದಿಂದ. ಮೈಕೆಲ್ ಸ್ಪೆನ್ಸ್ ಅನ್ನುವವರು 1973ರಲ್ಲಿ ಒಂದು ಲೇಖನ ಬರೆದರು. ಈ ವಿಚಾರಗಳಿಗಾಗಿ 2001ರಲ್ಲಿ ನೊಬೆಲ್ ಕೂಡ ಹಂಚಿಕೊಂಡರು. ಅವರ ಮಾತು ಸರಳ. ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಎದುರಿನವರ ಸಾಮರ್ಥ್ಯ ಕಾಣುವುದಿಲ್ಲ. ಹಾಗಾಗಿ ಒಂದು ಗುರುತು ನೋಡುತ್ತಾರೆ. ಆ ಗುರುತಿಗೆ ಬೆಲೆ ಬರಬೇಕಾದರೆ, ಕೆಲಸ ಬಲ್ಲವರಿಗೆ ಅದನ್ನು ಗಳಿಸುವುದು ಅಗ್ಗವಾಗಿರಬೇಕು, ಬಾರದವರಿಗೆ ದುಬಾರಿಯಾಗಿರಬೇಕು. ದುಡ್ಡಿನಲ್ಲಿ ಮಾತ್ರ ಅಲ್ಲ, ಹೊತ್ತಿನಲ್ಲಿ, ಕಷ್ಟದಲ್ಲಿ. ಸರ್ವರ್‌ನಲ್ಲೇ ದಿನ ಕಳೆಯುವವರಿಗೆ ಆ ಪರೀಕ್ಷೆ ಎರಡು ವಾರದ ಓದು. ಸರ್ವರ್ ಮುಟ್ಟದವರಿಗೆ ಆರು ತಿಂಗಳ ಓದು. ಈ ಅಂತರವೇ ಸರ್ಟಿಫಿಕೇಟ್‌ನ ಜೀವ. ಡಂಪ್ಸ್ ಬಂದು ಇಬ್ಬರಿಗೂ ಒಂದೇ ವಾರ ಮಾಡಿಬಿಟ್ಟಿತು. ಆಮೇಲೆ ಆ ಕಾಗದ ನೋಡಿ ಯಾರು ಯಾರು ಅಂತ ಹೇಳುವುದು ಹೇಗೆ? ಕದ್ದವರಿಗೆ ಹೇಗೋ ಒಂದು ಕೆಲಸ ಸಿಗುತ್ತದೆ. ನಷ್ಟ ಆಗುವುದು ಆರು ತಿಂಗಳು ಕೂತು ಓದಿದ ಸಪೋರ್ಟ್ ಡೆಸ್ಕ್‌ನವರಿಗೆ.

ಹಾಗಾಗಿ ನನಗೆ ಗೌರವ ಇರುವುದು ಕೈಯಲ್ಲಿ ಮಾಡಿಸಿ ನೋಡುವ ಪರೀಕ್ಷೆಗಳ ಮೇಲೆ. ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಪರೀಕ್ಷೆಯಲ್ಲಿ ಎ, ಬಿ, ಸಿ, ಡಿ ಇಲ್ಲ. ಒಂದು ಮಷಿನ್ ಕೊಟ್ಟು ಇದಿದು ಮಾಡು ಅನ್ನುತ್ತಾರೆ. ಮಾಡಿದ್ದು ರೀಬೂಟ್ ಆದ ಮೇಲೂ ಉಳಿದಿರಬೇಕು. ಇಲ್ಲದಿದ್ದರೆ ಅಂಕ ಇಲ್ಲ. ತುಂಬಾ ಸರ್ವರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸುವ ಸಾಫ್ಟ್‌ವೇರ್ ಕುಬರ್ನೆಟೀಸ್‌ನ ಸಿಕೆಎ ಪರೀಕ್ಷೆಯಲ್ಲಿ ಅಧಿಕೃತ ಡಾಕ್ಯುಮೆಂಟೇಶನ್ ತೆರೆದಿಟ್ಟುಕೊಂಡೇ ಎರಡು ಗಂಟೆ ಕೆಲಸ ಮಾಡಬಹುದು. ಪುಸ್ತಕ ನೋಡಲು ಬಿಟ್ಟರೆ ಸುಲಭ ಅಂದುಕೊಳ್ಳಬೇಡಿ. ಎಲ್ಲಿ ಏನಿದೆ ಅಂತ ಗೊತ್ತಿಲ್ಲದವರಿಗೆ ಹುಡುಕುವುದರಲ್ಲೇ ಹೊತ್ತು ಮುಗಿಯುತ್ತದೆ. ನೆಟ್‌ವರ್ಕ್ ಕಂಪನಿ ಸಿಸ್ಕೊದ ಸಿಸಿಐಇ ಸರ್ಟಿಫಿಕೇಟ್ 1993ರಲ್ಲಿ ಶುರುವಾದಾಗ ಲ್ಯಾಬ್ ಪರೀಕ್ಷೆ ಎರಡು ದಿನದ್ದಾಗಿತ್ತು. ಈಗ ಎಂಟು ಗಂಟೆ. ಕಂಪ್ಯೂಟರ್ ಸೆಕ್ಯುರಿಟಿಯವರ ಸಿಐಎಸ್‌ಎಸ್‌ಪಿ ಸರ್ಟಿಫಿಕೇಟ್ ಇನ್ನೊಂದು ದಾರಿ ಹಿಡಿಯಿತು. ಪಾಸಾದರೂ ಐದು ವರ್ಷದ ಅನುಭವ ಬೇಕು, ಅದನ್ನು ಕೊಡುವ ಸಂಸ್ಥೆಯ ಸರ್ಟಿಫಿಕೇಟ್ ಈಗಾಗಲೇ ಪಡೆದ ಒಬ್ಬರು ನಿಮ್ಮ ಪರವಾಗಿ ಸಹಿ ಹಾಕಬೇಕು.

ಕಂಪನಿಗಳಿಗೆ ಸರ್ಟಿಫಿಕೇಟ್ ಯಾಕೆ ಬೇಕು ಅನ್ನುವುದು ನನಗೆ ತುಂಬಾ ತಡವಾಗಿ ಗೊತ್ತಾಯಿತು. ನಮಗೆ ಕೆಲಸ ಮಾಡಲು ಬರಲಿ ಅಂತ ಅಂದುಕೊಂಡಿದ್ದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಮ್ಯಾನೇಜರ್ ಬಂದು, ‘ತಿಂಗಳ ಕೊನೆಯೊಳಗೆ ನಿಮ್ಮ ಟೀಮಿಂದ ಇಬ್ಬರು ಪಾಸಾಗ್ಲೇಬೇಕು, ಪರೀಕ್ಷೆ ಫೀಸಿನ ವೌಚರ್ ನಾನು ಕೊಡ್ತೀನಿ,’ ಅಂದರು. ಯಾರು ಅನ್ನುವುದು ಮುಖ್ಯ ಅಲ್ಲ, ಇಬ್ಬರು ಸಾಕು. ಆಗ ವಿಚಾರಿಸಿದೆ. ದೊಡ್ಡ ಕ್ಲೌಡ್ ಕಂಪನಿಗಳು ತಮ್ಮ ಪಾರ್ಟ್ನರ್‌ಗಳಿಗೆ, ಅಂದರೆ ತಮ್ಮ ಕ್ಲೌಡ್ ಮೇಲೆ ಗಿರಾಕಿಗಳಿಗೆ ಕೆಲಸ ಮಾಡಿಕೊಡುವ ಕಂಪನಿಗಳಿಗೆ, ಮೆಟ್ಟಿಲು ಮಾಡಿರುತ್ತವೆ. ಎಡಬ್ಲ್ಯುಎಸ್‌ನಲ್ಲಿ ಸೆಲೆಕ್ಟ್, ಅಡ್ವಾನ್ಸ್ಡ್, ಪ್ರೀಮಿಯರ್ ಅಂತ ಇವೆ. ಮೇಲೆ ಹತ್ತಿದಂತೆ ಜಾಸ್ತಿ ಸರ್ಟಿಫೈಡ್ ಜನರನ್ನು ತೋರಿಸಬೇಕು. ಸರ್ಕಾರಿ ಗುತ್ತಿಗೆಗಳಲ್ಲೂ ಇಂಥ ಷರತ್ತು ಇರುತ್ತದೆ. ಅಮೆರಿಕದ ರಕ್ಷಣಾ ಇಲಾಖೆ 2005ರಲ್ಲಿ 8570 ಅನ್ನುವ ಕೈಪಿಡಿ ತಂದು, ಇಂಥಿಂಥ ಸೆಕ್ಯುರಿಟಿ ಕೆಲಸಕ್ಕೆ ಇಂಥಿಂಥ ಸರ್ಟಿಫಿಕೇಟ್ ಕಡ್ಡಾಯ ಅಂದಿತು. ಕಾಂಪ್ಟಿಯಾ ಅನ್ನುವ ಸಂಸ್ಥೆ ಕೊಡುವ ಸೆಕ್ಯುರಿಟಿ ಪ್ಲಸ್ ಸರ್ಟಿಫಿಕೇಟ್‌ಗೆ ಅಷ್ಟು ಬೇಡಿಕೆ ಬರಲು ಅದೂ ಒಂದು ದೊಡ್ಡ ಕಾರಣ. ಅಂದರೆ ನಮ್ಮ ಸರ್ಟಿಫಿಕೇಟ್ ಓದುವವರು ನಮ್ಮ ಮ್ಯಾನೇಜರ್ ಅಲ್ಲ. ನಮ್ಮನ್ನು ನೋಡಿಯೇ ಇರದ ಗಿರಾಕಿ.

ಇದು ತಿಳಿದ ಮೇಲೆ ಒಂದು ಒಗಟು ಬಿಡಿಸಿದಂತಾಯಿತು. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲೇ ಬರೆದಿದ್ದರು. ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ಕೌಶಲವನ್ನು ಕಂಪನಿ ತನ್ನ ದುಡ್ಡಿನಲ್ಲಿ ಯಾಕೆ ಕಲಿಸಬೇಕು, ಕಲಿತವರು ಎದ್ದು ಹೋಗುತ್ತಾರಲ್ಲ ಅಂತ. ಆದರೂ ಕಂಪನಿಗಳು ವೌಚರ್ ಕೊಡುತ್ತಲೇ ಇವೆ. ಸರ್ಟಿಫೈಡ್ ಜನರ ಲೆಕ್ಕ ತೋರಿಸಬೇಕಲ್ಲ! ಅದೇ ಕಂಪನಿಯಲ್ಲಿ ನಾನು ರಾಜೀನಾಮೆ ಕೊಟ್ಟ ದಿನ ಮೊದಲು ಕೇಳಿದ್ದು ‘ಯಾಕೆ ಹೋಗ್ತಿದ್ದೀರಿ’ ಅಂತ ಅಲ್ಲ. ‘ನಿಮ್ಮ ಸರ್ಟಿಫಿಕೇಟ್ ಯಾವ ಮೇಲ್ ಐಡಿಗೆ ಲಿಂಕ್ ಆಗಿದೆ?’ ಅಂತ.

ನಮ್ಮೊಳಗಿನವರ ವಿಷಯದಲ್ಲಿ ಇನ್ನೊಂದು ತಮಾಷೆ. ಆ ಹಿರಿಯರು ವರ್ಷಗಟ್ಟಲೆ ಹೇಳಿದ್ದ ಒಂದು ಬದಲಾವಣೆಯನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹೊರಗಿನಿಂದ ನಾಲ್ಕು ಬ್ಯಾಡ್ಜ್‌ನ ಸಲಹೆಗಾರರು ಬಂದು ಅದನ್ನೇ ಸ್ಲೈಡ್‌ನಲ್ಲಿ ಹಾಕಿದಾಗ ತಕ್ಷಣ ಒಪ್ಪಿಗೆ ಸಿಕ್ಕಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅವಧಿ ಮುಗಿಯುವ ವಿಷಯಕ್ಕೆ ಬರುತ್ತೇನೆ. ಇದು ಬರೀ ದುಡ್ಡು ಮಾಡುವ ದಾರಿ ಅನ್ನುವ ಸಿಟ್ಟು ತುಂಬಾ ಜನಕ್ಕಿದೆ. 2010ರಲ್ಲಿ ಕಾಂಪ್ಟಿಯಾ ತನ್ನ ಎ ಪ್ಲಸ್‌ನಂಥ ಸರ್ಟಿಫಿಕೇಟ್‌ಗಳನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಹಳಬರಿಗೂ ಇದು ಅನ್ವಯ ಅಂದಾಗ ದೊಡ್ಡ ಗಲಾಟೆಯೇ ಆಯಿತು. ಜೀವನಪೂರ್ತಿಗೆ ಅಂತ ಹೇಳಿ ಕೊಟ್ಟಿದ್ದರಲ್ಲ. ಕೊನೆಗೆ ಹಳಬರನ್ನು ಬಿಟ್ಟು, 2011ರ ಜನವರಿಯಿಂದ ಪಾಸಾದವರಿಗೆ ಮಾತ್ರ ಅಂತ ಬದಲಿಸಿದರು. ಮೈಕ್ರೋಸಾಫ್ಟ್ ಎಂಸಿಎಸ್‌ಇಯನ್ನು 2021ರ ಜನವರಿಯಲ್ಲಿ ಪೂರ್ತಿ ನಿಲ್ಲಿಸಿತು. ಅದರ ಈಗಿನ ಸರ್ಟಿಫಿಕೇಟ್‌ಗಳಲ್ಲಿ ಹೆಚ್ಚಿನವು ಒಂದೇ ವರ್ಷದವು. ಆದರೆ ನವೀಕರಣಕ್ಕೆ ದುಡ್ಡಿಲ್ಲ, ಮನೆಯಲ್ಲೇ ಕೂತು ಒಂದು ಚಿಕ್ಕ ಪರೀಕ್ಷೆ ಬರೆದರಾಯಿತು. ನನ್ನನ್ನು ಕೇಳಿದರೆ ಇದೇ ಸರಿಯಾದ ಕ್ರಮ. ಬದಲಾದದ್ದನ್ನು ಓದಿಸಿದ ಹಾಗೂ ಆಯಿತು, ಜೇಬಿಗೆ ಕತ್ತರಿಯೂ ಇಲ್ಲ.

ಬರೆಯಬೇಕಾ ಬೇಡವಾ ಅಂತ ನಾನು ಇಷ್ಟೆಲ್ಲ ಯೋಚಿಸುತ್ತಿರುವಾಗ ಮೊನ್ನೆ ಈಗಿನ ಮ್ಯಾನೇಜರ್ ಮೇಜಿನ ಹತ್ತಿರ ಬಂದರು. ‘ನಿಮ್ಮದು ಮುಂದಿನ ತಿಂಗಳು ಮುಗಿಯುತ್ತಲ್ವಾ? ನೀವು ಬರೀದೆ ಇದ್ರೆ ನಮಗೆ ಒಂದು ಕಡಿಮೆ ಬೀಳುತ್ತೆ,’ ಅಂದರು. ಸಂಜೆ ವೌಚರ್ ಬಂತು. ಪ್ರಶ್ನೆ ಅಲ್ಲಿಗೆ ಇತ್ಯರ್ಥ.

ಐನೋಡ್ ಹುಡುಗ ಈಗ ಅದೇ ಪರೀಕ್ಷೆಗೆ ಓದುತ್ತಿದ್ದಾನೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಇಬ್ಬರೂ ಕೂತು ಓದೋಣ ಅಂತ ಮಾತಾಯಿತು. ನಿನ್ನೆ ಶುರು ಮಾಡಿದೆವು. ಅವನು ಪ್ರಶ್ನೆ ಓದಿದ: ಎಡಬ್ಲ್ಯುಎಸ್‌ನಲ್ಲಿ ಫೈಲ್ ಇಡುವ ಜಾಗವಾದ ಎಸ್3ಯಲ್ಲಿ ಇರುವ ಒಂದು ಫೈಲ್ ಮೇಲೆ ಹೊಸದನ್ನು ಬರೆದು, ಮರುಕ್ಷಣವೇ ಅದನ್ನು ಓದಿದರೆ ಹಳೆಯದು ಸಿಗುತ್ತದಾ, ಹೊಸದಾ? ಇದು ನನಗೆ ಅಂಗೈ ಗೆರೆಯಷ್ಟು ಗೊತ್ತಿದ್ದ ವಿಷಯ. ಮೊದಲ ಪರೀಕ್ಷೆಗೆ ಓದುವಾಗ ಗಟ್ಟಿ ಮಾಡಿಕೊಂಡಿದ್ದೆ. ‘ಸ್ವಲ್ಪ ಹೊತ್ತು ಹಳೇದೇ ಸಿಗಬಹುದು,’ ಅಂದೆ.

‘ಅದು 2020ರ ಡಿಸೆಂಬರ್‌ನಲ್ಲೇ ಬದಲಾಗಿದೆ ಸರ್. ಈಗ ತಕ್ಷಣ ಹೊಸದೇ ಸಿಗುತ್ತೆ,’ ಅಂದ.

ನಮ್ಮ ಒಂದು ಸ್ಕ್ರಿಪ್ಟ್‌ನಲ್ಲಿ ಫೈಲ್ ಬರೆದ ಮೇಲೆ ಐದು ಸೆಕೆಂಡ್ ಸುಮ್ಮನೆ ಕಾಯುವ ಸಾಲೊಂದಿದೆ. ಅದಕ್ಕೆಂದೇ ಹಾಕಿದ್ದು. ನಾನೇ ಬರೆದದ್ದು. ಇವತ್ತು ಬೆಳಿಗ್ಗೆ ಅದನ್ನು ತೆಗೆದೆ.